ಜನ ಯಾವಾಗ ಕೊಡುತ್ತಾರೆ, ಯಾಕೆ ಕೊಡುತ್ತಾರೆ

ಗಣೇಶನ ಹಬ್ಬ ಹತ್ತಿರ ಬಂದಾಗ ಬೀದಿಯ ಹುಡುಗರು ರಸೀದಿ ಪುಸ್ತಕ ಹಿಡಿದು ಚಂದಾ ಎತ್ತಲು ಹೊರಡುತ್ತಾರಲ್ಲ, ಅವರು ಮನೆಗಳನ್ನು ಆರಿಸಿಕೊಳ್ಳುವ ಕ್ರಮವನ್ನು ಒಮ್ಮೆ ಗಮನಿಸಿ. ಮೊದಲು ಹೋಗುವುದು ದೊಡ್ಡ ಅಂಗಡಿಯವರ ಹತ್ತಿರ, ಇಲ್ಲವೇ ಗುತ್ತಿಗೆದಾರರ ಹತ್ತಿರ. ಅಲ್ಲಿ ಐದು ಸಾವಿರವೋ ಹತ್ತು ಸಾವಿರವೋ ಬರೆಸಿಕೊಂಡ ಮೇಲೆಯೇ ಉಳಿದ ಮನೆಗಳ ಕಡೆ ತಿರುಗುತ್ತಾರೆ. ನಮ್ಮ ಬಾಗಿಲಿಗೆ ಬಂದು ಪುಸ್ತಕ ಬಿಚ್ಚುವಾಗ ಆ ಹಾಳೆಯೇ ಕಣ್ಣಿಗೆ ಬೀಳುವಂತೆ ಹಿಡಿಯುತ್ತಾರೆ. ಜೊತೆಗೆ ನಾವು ಇಲ್ಲ ಎನ್ನಲಾರದ ಹಿರಿಯರೊಬ್ಬರನ್ನು ಕರೆತಂದಿರುತ್ತಾರೆ. 'ಅಣ್ಣಾ, ಹೋದ ವರ್ಷ ಐನೂರು ಬರೆಸಿದ್ರಿ, ಈ ಸಲ ಸಾವಿರ ಹಾಕ್ಕೊಳ್ಲಾ?' ಎನ್ನುವಷ್ಟರಲ್ಲಿ ಪೆನ್ನು ಹಾಳೆಯ ಮೇಲೆ ಇಳಿದಿರುತ್ತದೆ.

ಈ ಹುಡುಗರು ಅರ್ಥಶಾಸ್ತ್ರ ಓದಿದವರಲ್ಲ. ಆದರೆ ದಾನದ ಬಗ್ಗೆ ಕಳೆದ ಮೂರ್ನಾಲ್ಕು ದಶಕಗಳಲ್ಲಿ ಸಂಶೋಧಕರು ಪ್ರಯೋಗ ಮಾಡಿ ಕಂಡುಕೊಂಡದ್ದರಲ್ಲಿ ಒಳ್ಳೆಯ ಪಾಲು ಅವರ ಈ ಓಡಾಟದಲ್ಲೇ ಇದೆ.

ಜನ ಯಾಕೆ ಕೊಡುತ್ತಾರೆ ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ, 'ಕೊಡೋ ಮನಸ್ಸಿದ್ದವರು ಕೊಡ್ತಾರೆ, ಇಲ್ಲದವರು ಕೊಡಲ್ಲ' ಎಂದು. ಇದು ಸುಳ್ಳಲ್ಲ, ಆದರೆ ಸಾಲದು. ಬೆಳಿಗ್ಗೆ ದೇವಸ್ಥಾನದ ಅನ್ನದಾನಕ್ಕೆ ಸಾವಿರ ರೂಪಾಯಿ ಬರೆಸಿ ಬಂದವರೇ ಮಧ್ಯಾಹ್ನ ಯಾರದೋ ಆಪರೇಷನ್ ಖರ್ಚಿಗೆ ನೆರವು ಕೋರಿ ಬಂದ ವಾಟ್ಸಾಪ್ ಸಂದೇಶವನ್ನು ಓದಿ ಸುಮ್ಮನಾಗುತ್ತಾರೆ. ಮನಸ್ಸೂ ಅದೇ, ಜೇಬೂ ಅದೇ. ಬೇರೆಯಾದದ್ದು ಯಾರು ಕೇಳಿದರು, ಹೇಗೆ ಕೇಳಿದರು, ಯಾರ ಎದುರಿಗೆ ಕೇಳಿದರು ಎಂಬುದು. ದಾನಕ್ಕೆ ಒಳ್ಳೆಯ ಗುಣ ಬೇಕು, ನಿಜ. ಆದರೆ ಹೆಚ್ಚಿನವರಲ್ಲಿ ಅದು ಇದ್ದೇ ಇರುತ್ತದೆ, ಅದನ್ನು ಎಬ್ಬಿಸುವ ಕೇಳಿಕೆ ಮಾತ್ರ ಎಲ್ಲ ಕಡೆಯೂ ಒಂದೇ ಥರ ಇರುವುದಿಲ್ಲ ಎಂದೇ ನಾನು ನಂಬಿದ್ದೇನೆ.

ಅಮೆರಿಕದಲ್ಲಿ 1996ರಲ್ಲಿ ನಡೆದ ಒಂದು ಸಮೀಕ್ಷೆಯಲ್ಲಿ ಜನ ಮಾಡಿದ ದಾನಗಳ ಪೈಕಿ ಶೇ. 85ರಷ್ಟು ಯಾರೋ ಕೇಳಿದ ಮೇಲೆ ಕೊಟ್ಟವು. ಮುಂದೆ ನೆದರ್ಲೆಂಡ್ಸ್‌ನಲ್ಲಿ ಅದೇ ರೀತಿ ಲೆಕ್ಕ ಹಾಕಿದಾಗ ಸಿಕ್ಕಿದ್ದು ಶೇ. 86. ತಾನಾಗಿಯೇ ಯೋಚಿಸಿ, ಹುಡುಕಿಕೊಂಡು ಹೋಗಿ ಕೊಡುವವರು ತೀರ ಕಡಿಮೆ.

ಇದು ನನ್ನ ಅನುಭವಕ್ಕೂ ಬಂದಿದೆ. ನಮ್ಮೂರ ಸರ್ಕಾರಿ ಶಾಲೆಗೆ ನೂರು ವರ್ಷ ತುಂಬಿದಾಗ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಸೋರುತ್ತಿದ್ದ ಕೊಠಡಿಗಳ ಹೆಂಚು ಬದಲಾಯಿಸುವುದು ಎಂದಾಯಿತು. ವಾಟ್ಸಾಪ್ ಗುಂಪಿನಲ್ಲಿ ಖಾತೆ ನಂಬರು, ಕ್ಯೂಆರ್ ಕೋಡು ಹಾಕಿದೆವು. ಕೈಮುಗಿದ ಚಿತ್ರಗಳು, ಹೆಬ್ಬೆರಳುಗಳು ಸಾಲಾಗಿ ಬಂದವು. ದುಡ್ಡು ಬರಲಿಲ್ಲ. ಆಮೇಲೆ ನಮಗೆ ನಾಲ್ಕನೇ ಕ್ಲಾಸಿನಲ್ಲಿ ಪಾಠ ಮಾಡಿದ್ದ ಮೇಷ್ಟ್ರು, ನಿವೃತ್ತರಾಗಿ ಊರಲ್ಲೇ ಇದ್ದವರು, ಒಬ್ಬೊಬ್ಬರಿಗೇ ಫೋನ್ ಮಾಡತೊಡಗಿದರು. 'ಏನೋ, ಚೆನ್ನಾಗಿದೀಯೇನೋ? ನೀನು ಕೂರ್ತಿದ್ದ ರೂಮಿನ ಹೆಂಚೆಲ್ಲ ಹೋಗಿದೆ ಕಣಪ್ಪ. ಕಿಟಕಿ ಕಡೆ ನಾಲ್ಕು ಸಾಲು ನೀನು ಹಾಕಿಸು.' ಅಷ್ಟೇ ಮಾತು. ಎಷ್ಟು ರೂಪಾಯಿ ಎಂದು ಕೇಳಿ ತಿಳಿದುಕೊಂಡು ಆವತ್ತೇ ಕಳಿಸಿದವರು ಬಹಳ ಮಂದಿ. ಗುಂಪಿನ ಸಂದೇಶ ಎಲ್ಲರನ್ನೂ ಮುಟ್ಟಿತ್ತು, ಯಾರೊಬ್ಬರನ್ನೂ ಕೇಳಿರಲಿಲ್ಲ. ಮೇಷ್ಟ್ರು ಒಬ್ಬನ ಹೆಸರು ಹಿಡಿದು, ಒಂದು ಗೊತ್ತಾದ ಕೆಲಸ ತೋರಿಸಿ ಕೇಳಿದರು.

ಆದರೆ ಇದೇ ವಿಷಯಕ್ಕೆ ಇನ್ನೊಂದು ಮುಖವೂ ಇದೆ. ಅಮೆರಿಕದಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಸಾಲ್ವೇಷನ್ ಆರ್ಮಿ ಸಂಸ್ಥೆಯ ಸ್ವಯಂಸೇವಕರು ಅಂಗಡಿಗಳ ಮುಂದೆ ಕೆಂಪು ಡಬ್ಬ ಇಟ್ಟುಕೊಂಡು ಗಂಟೆ ಬಾರಿಸುತ್ತಾ ನಿಲ್ಲುತ್ತಾರೆ. ಜೇಮ್ಸ್ ಆಂಡ್ರಿಯೋನಿ ಎಂಬ ಅರ್ಥಶಾಸ್ತ್ರಜ್ಞರೂ ಅವರ ಸಂಗಡಿಗರೂ ಬಾಸ್ಟನ್ ಪ್ರದೇಶದ ಒಂದು ಸೂಪರ್ ಮಾರ್ಕೆಟ್ಟಿನಲ್ಲಿ ಇದನ್ನೇ ಪ್ರಯೋಗವಾಗಿ ಮಾಡಿದರು. ಅಂಗಡಿಗೆ ಎರಡು ಮುಖ್ಯ ಬಾಗಿಲು. ಕೆಲವೊಮ್ಮೆ ಒಂದೇ ಬಾಗಿಲಲ್ಲಿ ಡಬ್ಬ, ಕೆಲವೊಮ್ಮೆ ಎರಡರಲ್ಲೂ. ಕೆಲವೊಮ್ಮೆ ಗಂಟೆ ಮಾತ್ರ, ಕೆಲವೊಮ್ಮೆ 'ದಯವಿಟ್ಟು ಕೊಡಿ' ಎಂಬ ಮಾತೂ ಸೇರಿತ್ತು. ಮುಖ ನೋಡಿ ಆ ಒಂದು ಮಾತು ಆಡಿದ್ದಕ್ಕೇ ಕೊಟ್ಟವರ ಸಂಖ್ಯೆ ಅರ್ಧಕ್ಕಿಂತ ಹೆಚ್ಚು ಏರಿತು. ಅದೇ ಹೊತ್ತಿಗೆ, ತಪ್ಪಿಸಿಕೊಳ್ಳಲು ದಾರಿ ಇದ್ದಾಗ ಸುಮಾರು ಮೂರನೇ ಒಂದು ಭಾಗದ ಜನ ಆ ಬಾಗಿಲನ್ನೇ ಬಿಟ್ಟು ಇನ್ನೊಂದು ಬಾಗಿಲಿಗೆ ಸುತ್ತು ಹಾಕಿ ಹೋದರು.

ಷಿಕಾಗೊ ಸುತ್ತಮುತ್ತ ಮನೆಬಾಗಿಲ ಚಂದಾದ ಮೇಲೆ ನಡೆದ ಪ್ರಯೋಗವೂ ಇದನ್ನೇ ಹೇಳಿತು. 2012ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, 'ನಾಳೆ ಇಷ್ಟು ಹೊತ್ತಿಗೆ ಬರುತ್ತೇವೆ' ಎಂಬ ಚೀಟಿಯನ್ನು ಮೊದಲೇ ಬಾಗಿಲಿಗೆ ಸಿಕ್ಕಿಸಿದಾಗ ಬಾಗಿಲು ತೆರೆಯುವವರು ಕಡಿಮೆಯಾದರು. 'ನಮ್ಮ ಮನೆಗೆ ಬರುವುದು ಬೇಡ' ಎಂದು ಗುರುತು ಹಾಕಲು ಚೀಟಿಯಲ್ಲೇ ಜಾಗ ಕೊಟ್ಟಾಗ ಕೊಡುವವರು ಶೇ. 28ರಿಂದ 42ರಷ್ಟು ಇಳಿದರು. ಇಳಿದದ್ದು ಮುಖ್ಯವಾಗಿ ಹತ್ತು ಡಾಲರಿಗಿಂತ ಕಡಿಮೆಯ ಸಣ್ಣ ದಾನಗಳು. ಅಂದರೆ ಆ ಸಣ್ಣ ಮೊತ್ತಗಳಲ್ಲಿ ಒಳ್ಳೆಯ ಪಾಲು ದಾಕ್ಷಿಣ್ಯಕ್ಕೆ ಬಿದ್ದು ಕೊಟ್ಟದ್ದು.

ಇದನ್ನು ಓದಿ 'ನೋಡಿ, ಜನರ ಒಳ್ಳೆಯತನವೆಲ್ಲ ತೋರಿಕೆ' ಎಂದುಬಿಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕಲ್ಲು ಮನಸ್ಸಿನವನಿಗೆ ಇನ್ನೊಂದು ಬಾಗಿಲಿಗೆ ಸುತ್ತು ಹಾಕುವ ಅಗತ್ಯವೇ ಇಲ್ಲ. ಅವನು ಡಬ್ಬದ ಮುಂದೆಯೇ ನೆಟ್ಟಗೆ ನಡೆದು ಹೋಗುತ್ತಾನೆ. ಸುತ್ತು ಹಾಕುವವನು ಕಣ್ಣಿಗೆ ಕಣ್ಣು ಸಿಕ್ಕರೆ ತಾನು ಕರಗುತ್ತೇನೆಂದು ಗೊತ್ತಿರುವವನು. ತಿಂಗಳ ಕೊನೆಯಲ್ಲಿ ಸಂಬಳವನ್ನು ಎಳೆದಾಡುತ್ತಿರುವ ಮನೆಯವರಿಗೆ ಹಾಗೆ ಕರಗುವುದು ದುಬಾರಿ. ಸಿಗ್ನಲ್ಲಿನಲ್ಲಿ ಕೈ ಚಾಚಿದವರನ್ನು ಕಂಡು ಫೋನಿನೊಳಗೆ ಮುಖ ಹುದುಗಿಸುವ ನಮ್ಮೆಲ್ಲರಲ್ಲೂ ಈ ಹೆದರಿಕೆ ಇದೆ.

ಇನ್ನು ಆ ರಸೀದಿ ಪುಸ್ತಕದ ಮೊದಲ ಹಾಳೆಯ ವಿಷಯ. ಜೆನ್ ಶಾಂಗ್ ಮತ್ತು ರೇಚಲ್ ಕ್ರೋಸನ್ ಎಂಬ ಸಂಶೋಧಕರು ಅಮೆರಿಕದ ಒಂದು ಸಾರ್ವಜನಿಕ ರೇಡಿಯೋ ಕೇಂದ್ರದ ದೇಣಿಗೆ ಅಭಿಯಾನದಲ್ಲಿ ಕೆಲಸ ಮಾಡಿದರು. ಫೋನ್ ಮಾಡಿ ದೇಣಿಗೆ ಕೊಡಲು ಬಂದವರಿಗೆ 'ಈಗಷ್ಟೇ ಇನ್ನೊಬ್ಬರು 300 ಡಾಲರ್ ಕೊಟ್ಟರು' ಎಂದು ಹೇಳಿದಾಗ, ಏನನ್ನೂ ಹೇಳದಿದ್ದಾಗ ಬರುತ್ತಿದ್ದುದಕ್ಕಿಂತ ಸುಮಾರು ಶೇ. 12ರಷ್ಟು ಹೆಚ್ಚು ಬಂತು. ಎಷ್ಟು ಕೊಡುವುದು ಸರಿ ಎಂಬುದು ನಮಗೆ ಖಚಿತವಾಗಿ ಗೊತ್ತಿರುವುದಿಲ್ಲ. ಆದ್ದರಿಂದ ಪಕ್ಕದ ಮನೆಯವರು ಎಷ್ಟು ಬರೆಸಿದ್ದಾರೆ ಎಂದು ನೋಡುತ್ತೇವೆ. ಮದುವೆ ಮನೆಯ ಮುಯ್ಯಿಯಲ್ಲಂತೂ ಇದು ಬರಹದಲ್ಲೇ ಇರುತ್ತದೆ. ಯಾರು ಎಷ್ಟು ಕೊಟ್ಟರು ಎಂದು ಪುಸ್ತಕದಲ್ಲಿ ಬರೆದಿಟ್ಟು, ಅವರ ಮನೆಯ ಮದುವೆಗೆ ಅದನ್ನು ತೆಗೆದು ನೋಡಿ, ಅಷ್ಟೋ ಅದಕ್ಕಿಂತ ಒಂದಿಷ್ಟು ಮೇಲೋ ಹಿಂತಿರುಗಿಸುತ್ತಾರೆ. ಮುಯ್ಯಿ ದಾನವಲ್ಲ, ಅದು ಸಾಲದಂತೆ ತಿರುಗಿ ಬರುವಂಥದು. ಆದರೂ ಕೊಡುವ ಮೊತ್ತವನ್ನು ಊರಿನ ಅಳತೆಯಲ್ಲಿ ಅಳೆಯುವ ಅಭ್ಯಾಸ ಎರಡಕ್ಕೂ ಒಂದೇ.

ಅಳತೆ ಇದ್ದ ಮೇಲೆ ಹೆಸರೂ ಇರುತ್ತದೆ. ಕಲ್ಯಾಣ ಮಂಟಪಗಳಲ್ಲಿ ತಲೆ ಎತ್ತಿ ನೋಡಿದರೆ ಫ್ಯಾನಿನ ರೆಕ್ಕೆಯ ಮೇಲೂ ದಾನಿಯ ಹೆಸರು, ಬಸ್ ನಿಲ್ದಾಣದ ಕಲ್ಲುಬೆಂಚಿನ ಬೆನ್ನಿಗೆ 'ಇವರ ಜ್ಞಾಪಕಾರ್ಥ', ದೇವಸ್ಥಾನದ ಗೋಡೆಯಲ್ಲಿ ಗ್ರಾನೈಟಿನ ಸೇವಾಕರ್ತರ ಪಟ್ಟಿ. 'ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು' ಎನ್ನುವವರಿಗೆ ಇದೆಲ್ಲ ಕಿರಿಕಿರಿ. ಹೆಸರಿಗಾಗಿ ಕೊಟ್ಟದ್ದು ದಾನವೇ ಅಲ್ಲ ಎನ್ನುತ್ತಾರೆ. ಅಷ್ಟು ಬಿಗಿ ಬೇಡ ಎನ್ನುವುದು ನನ್ನ ಮಾತು. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು, ಸಾವಿರದ ಐನೂರು ಜಿನಪ್ರತಿಮೆಗಳನ್ನು ಮಾಡಿಸಿ ಕೊಟ್ಟಳು ಎಂದು ನಮಗೆ ಇವತ್ತು ಗೊತ್ತಿರುವುದು ಕಲ್ಲಿನಲ್ಲೂ ಕಾವ್ಯದಲ್ಲೂ ಅದನ್ನು ಹಾಡಿ ಬರೆದದ್ದರಿಂದ. ಲಕ್ಕುಂಡಿಯಲ್ಲಿ ಅವಳು ಕಟ್ಟಿಸಿದ ಬಸದಿಯ 1007ರ ಶಾಸನ ಅವಳ ಹೆಸರನ್ನು ಮರೆಮಾಚುವುದಿಲ್ಲ. ಹಾಗೆಂದು ಅವಳ ಭಕ್ತಿ ಕಡಿಮೆಯದು ಎನ್ನುವ ಧೈರ್ಯ ಯಾರಿಗಿದೆ? ಫ್ಯಾನಿನ ಮೇಲೆ ತೀರಿಹೋದ ತಂದೆಯ ಹೆಸರು ಬರೆಸಿದ ಮಗ ತನ್ನ ಮೆರವಣಿಗೆ ಮಾಡಿಕೊಳ್ಳುತ್ತಿಲ್ಲ. ಅಪ್ಪ ಇದ್ದರು ಎಂಬುದಕ್ಕೆ ಊರಿನಲ್ಲಿ ಒಂದು ಗುರುತು ಉಳಿಯಲಿ ಎಂದು ಬಯಸುತ್ತಿದ್ದಾನೆ.

ಹುಂಡಿಯ ಮಾತು ಬೇರೆ. ಅದರೊಳಗೆ ಯಾರು ಎಷ್ಟು ಹಾಕಿದರು ಎಂದು ಯಾರಿಗೂ ತಿಳಿಯುವುದಿಲ್ಲ, ಆದರೂ ಅದು ತುಂಬುತ್ತದೆ. ಹೆಸರು ಬೇಡದ, ಒತ್ತಾಯವಿಲ್ಲದ ಆ ಕಾಣಿಕೆಯನ್ನು ಜನ ಯಾಕೆ ಹಾಕುತ್ತಾರೆ? ಹರಕೆ, ಭಯ, ಕೃತಜ್ಞತೆ ಎಲ್ಲ ಇದೆ. ಅವುಗಳ ಜೊತೆ ಇನ್ನೊಂದಿದೆ, ಕೊಡುವಾಗಲೇ ಆಗುವ ಸಂತೋಷ.

ಆಂಡ್ರಿಯೋನಿ 1989 ಮತ್ತು 1990ರಲ್ಲಿ ಬರೆದ ಪ್ರಬಂಧಗಳಲ್ಲಿ ಇದನ್ನೇ ಸಿದ್ಧಾಂತವಾಗಿ ಕಟ್ಟಿದರು. ಅವರ ತರ್ಕ ಹೀಗೆ. ನನಗೆ ಬೇಕಾದದ್ದು ಕೇವಲ ಫಲಿತಾಂಶ ಎಂದುಕೊಳ್ಳಿ, ಅಂದರೆ ಹಸಿದ ಮಗುವಿಗೆ ಊಟ ಸಿಗಬೇಕು ಅಷ್ಟೆ. ಆಗ ಸರ್ಕಾರ ಅದೇ ಮಗುವಿನ ಊಟಕ್ಕೆ ಒಂದು ರೂಪಾಯಿ ಹೆಚ್ಚು ಕೊಟ್ಟರೆ ನಾನು ಒಂದು ರೂಪಾಯಿ ಕಡಿಮೆ ಕೊಡಬೇಕು. ಯಾರು ಕೊಟ್ಟರೇನು, ಮಗುವಿನ ಹೊಟ್ಟೆ ತುಂಬಿತಲ್ಲ. ವಾಸ್ತವದಲ್ಲಿ ಜನ ಹಾಗೆ ಮಾಡುವುದಿಲ್ಲ. ಸರ್ಕಾರ ಕೊಟ್ಟಾಗ ಖಾಸಗಿ ದಾನ ಸ್ವಲ್ಪ ತಗ್ಗಬಹುದು, ರೂಪಾಯಿಗೆ ರೂಪಾಯಿ ತಗ್ಗುವುದಿಲ್ಲ. ಹಾಗಾದರೆ ಊಟ ಸಿಕ್ಕಿತು ಎಂಬುದಷ್ಟೇ ಅಲ್ಲ, 'ನಾನು ಕೊಟ್ಟೆ' ಎಂಬುದೂ ಕೊಡುವವರಿಗೆ ಬೇಕಾಗಿದೆ. ನಮ್ಮಲ್ಲಿ ನೋಡಿ, ಅಕ್ಷರ ದಾಸೋಹದಲ್ಲಿ ಸರ್ಕಾರವೇ ಮಕ್ಕಳಿಗೆ ಬಿಸಿಯೂಟ ಕೊಡುತ್ತದೆ. 2000ದಲ್ಲಿ ಬೆಂಗಳೂರಿನಲ್ಲಿ ಶುರುವಾದ ಅಕ್ಷಯ ಪಾತ್ರೆಯಂಥ ಸಂಸ್ಥೆಗೆ ಸರ್ಕಾರದ ಅನುದಾನವೂ ಬರುತ್ತದೆ, ಜನರ ದೇಣಿಗೆಯೂ ಬರುತ್ತದೆ. ಮಗಳ ಹುಟ್ಟುಹಬ್ಬದ ದಿನ ಊರಿನ ಶಾಲೆಗೆ ಬಾಳೆಗೊನೆಯನ್ನೋ ಒಂದು ಡಬ್ಬ ಮೈಸೂರು ಪಾಕನ್ನೋ ತರುವ ಅಪ್ಪ ಅಮ್ಮಂದಿರು ಬಿಸಿಯೂಟ ಇದೆ ಎಂದು ಆ ಪದ್ಧತಿ ಬಿಟ್ಟಿಲ್ಲ.

2007ರಲ್ಲಿ ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದವರು ಹತ್ತೊಂಬತ್ತು ಮಹಿಳೆಯರ ಮಿದುಳನ್ನು ಸ್ಕ್ಯಾನ್ ಮಾಡುತ್ತಾ ಅವರಿಗೆ ತಲಾ ನೂರು ಡಾಲರ್ ಕೊಟ್ಟು, ಅದರಿಂದ ಬಡವರಿಗೆ ಆಹಾರ ಹಂಚುವ ಸಂಸ್ಥೆಗೆ ಹಣ ಹೋಗುವಂತೆ ಮಾಡಿದರು. ಕೆಲವು ಸಲ ತೆರಿಗೆಯಂತೆ ತಾನಾಗಿಯೇ ಕಡಿತ, ಕೆಲವು ಸಲ ಅವರ ಇಚ್ಛೆ. ಕಡಿತವಾದಾಗಲೂ ಮಿದುಳಿನಲ್ಲಿ ಖುಷಿಗೆ ಸಂಬಂಧಿಸಿದ ಭಾಗಗಳು ಚುರುಕಾದವು, ತಾವೇ ಇಷ್ಟಪಟ್ಟು ಕೊಟ್ಟಾಗ ಇನ್ನೂ ಹೆಚ್ಚು. ಹತ್ತೊಂಬತ್ತು ಮಂದಿ ತೀರ ಸಣ್ಣ ಗುಂಪು, ಅದರ ಮೇಲೆ ದೊಡ್ಡ ಮಾತು ಕಟ್ಟಬಾರದು. ಆದರೆ ಅನ್ನದಾನದ ಪಂಕ್ತಿಯಲ್ಲಿ ನಿಂತು ನೋಡಿದವರಿಗೆ ಇದು ಹೊಸದೇನಲ್ಲ. ದುಡ್ಡು ಕೊಟ್ಟು ಸುಮ್ಮನೆ ಹೋಗಬಹುದಾದವರು ಪಂಚೆ ಎತ್ತಿ ಕಟ್ಟಿ, ಸಾರಿನ ಬಕೆಟ್ಟು ಹಿಡಿದು, 'ಇನ್ನೊಂಚೂರು ಅನ್ನ ಹಾಕಿಸ್ಕೊಳ್ಳಿ' ಎಂದು ಬಗ್ಗಿ ಬಗ್ಗಿ ಬಡಿಸುತ್ತಾರೆ. ಸಿದ್ಧಗಂಗೆಗೆ ಅಕ್ಕಿ, ರಾಗಿ, ತೆಂಗಿನಕಾಯಿ ಒಯ್ದು ಕೊಡುವ ರೈತನಿಗೂ ತಾನು ಬೆಳೆದದ್ದು ಮಕ್ಕಳ ತಟ್ಟೆಗೆ ಹೋಗುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ. ಕೊಟ್ಟದ್ದರ ಫಲ ಎಷ್ಟು ಹತ್ತಿರ ಕಾಣುತ್ತದೋ ಖುಷಿಯೂ ಅಷ್ಟು ಹೆಚ್ಚು.

ತೊಡಕು ಇರುವುದೂ ಇಲ್ಲಿಯೇ. ಹತ್ತಿರ ಕಾಣುವುದೇ ದೊಡ್ಡ ಅಗತ್ಯ ಆಗಿರಬೇಕೆಂದಿಲ್ಲ. 2007ರಲ್ಲೇ ಪ್ರಕಟವಾದ ಇನ್ನೊಂದು ಪ್ರಯೋಗ ಬಹಳ ಹೆಸರುವಾಸಿ. ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೈನ್, ಪಾಲ್ ಸ್ಲೋವಿಕ್ ಅವರು ಕೆಲವರಿಗೆ ಐದು ಡಾಲರ್ ಕೊಟ್ಟು, ಅದರಲ್ಲಿ ಎಷ್ಟು ಬೇಕಾದರೂ ದಾನ ಮಾಡಬಹುದು ಎಂದರು. ಒಂದು ಗುಂಪಿಗೆ ಆಫ್ರಿಕಾದಲ್ಲಿ ಹಸಿದಿರುವ ಲಕ್ಷಾಂತರ ಜನರ ಅಂಕಿಅಂಶ ತೋರಿಸಿದರು, ಸರಾಸರಿ ಬಂದದ್ದು 1.14 ಡಾಲರ್. ಇನ್ನೊಂದು ಗುಂಪಿಗೆ ಮಾಲಿ ದೇಶದ ಏಳು ವರ್ಷದ ಒಬ್ಬ ಹುಡುಗಿಯ ಹೆಸರು, ಚಿತ್ರ, ಕಥೆ ತೋರಿಸಿದರು, ಬಂದದ್ದು 2.38 ಡಾಲರ್. ಮೂರನೆಯ ಗುಂಪಿಗೆ ಹುಡುಗಿಯನ್ನೂ ಅಂಕಿಅಂಶವನ್ನೂ ಒಟ್ಟಿಗೆ ತೋರಿಸಿದಾಗ ಮೊತ್ತ ಮತ್ತೆ 1.43ಕ್ಕೆ ಇಳಿಯಿತು. ಈ ಫಲಿತಾಂಶವನ್ನು ಎಲ್ಲೆಡೆ ಕಣ್ಣುಮುಚ್ಚಿ ಉಲ್ಲೇಖಿಸುತ್ತಾರೆ. ಆದರೆ 2016ರಲ್ಲಿ ಇಂಥ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಒಂದು ಮುಖದ ಪ್ರಭಾವ ಸರಾಸರಿಯಲ್ಲಿ ಸಣ್ಣದೆಂದು ಕಂಡಿತು. ಈಚೆಗೆ ಅದೇ ಪ್ರಯೋಗವನ್ನು ದೊಡ್ಡ ಸಂಖ್ಯೆಯ ಜನರ ಮೇಲೆ ಮತ್ತೆ ಮಾಡಿದಾಗ ಆ ವ್ಯತ್ಯಾಸ ಕಾಣಲೇ ಇಲ್ಲ. ಆದ್ದರಿಂದ ಅಳುವ ಮಗುವಿನ ಚಿತ್ರ ಹಾಕಿದರೆ ದುಡ್ಡು ಸುರಿಯುತ್ತದೆ ಎಂಬುದನ್ನು ನಿಯಮವೆಂದು ಹಿಡಿಯಬಾರದು. ಹಾಗೆ ನಂಬಿ ರೋಗಿಗಳ, ಮಕ್ಕಳ ಮಾನವನ್ನು ಬೀದಿಗೆ ತರುವ ಪೋಸ್ಟರುಗಳನ್ನು ಕಂಡಾಗ ನನಗೆ ನೋವಾಗುತ್ತದೆ.

ಕೊಡುವವರ ಮನಸ್ಸಿನಲ್ಲಿ ಇನ್ನೊಂದು ಪ್ರಶ್ನೆ ಸದಾ ಕೊರೆಯುತ್ತಿರುತ್ತದೆ. ಕೊಟ್ಟದ್ದು ತಲುಪುತ್ತದೆಯೇ? ಇದು ಇವತ್ತಿನ ಅಪನಂಬಿಕೆಯಲ್ಲ. ನಮ್ಮ ನಾಡಿನ ದಾನಶಾಸನಗಳನ್ನು ಓದಿ. ಮೇಲೆ ಸೂರ್ಯ ಚಂದ್ರರನ್ನು ಕೆತ್ತಿರುತ್ತಾರೆ, ಅವರಿರುವ ತನಕ ಈ ದತ್ತಿ ನಡೆಯಲಿ ಎಂದು. ಕೆಳಗೆ ಕೊನೆಯಲ್ಲಿ ಶಾಪ ಇರುತ್ತದೆ. ಇದನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆ ಹಸುಗಳನ್ನು ಕೊಂದ ಪಾಪ ತಟ್ಟಲಿ, ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟಲಿ. ಭೂಮಿ ಕೊಟ್ಟವನಿಗೆ ತನ್ನ ಕಾಲದ ನಂತರ ಅದನ್ನು ಯಾರು ನುಂಗುತ್ತಾರೋ ಎಂಬ ಚಿಂತೆ. ಲೆಕ್ಕಪರಿಶೋಧನೆ ಇಲ್ಲದ ಕಾಲದಲ್ಲಿ ಅವನ ಕೈಯಲ್ಲಿದ್ದ ಕಾವಲು ಆ ಶಾಪ.

ಇವತ್ತು ಆ ಚಿಂತೆ 'ನಿಮ್ಮ ಸಂಸ್ಥೆಯಲ್ಲಿ ಆಡಳಿತಕ್ಕೆ ಎಷ್ಟು ಖರ್ಚು?' ಎಂಬ ಪ್ರಶ್ನೆಯಾಗಿ ಬರುತ್ತದೆ. ಉರಿ ನೀಝಿ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಲವತ್ತು ಸಾವಿರ ಜನರಿಗೆ ಪತ್ರ ಹೋಯಿತು, ಒಂದೊಂದು ಬಗೆಯ ಪತ್ರ ಹತ್ತು ಸಾವಿರ ಮಂದಿಗೆ. ಬರಿದೇ ಕೇಳಿದ ಪತ್ರಕ್ಕೆ ಬಂದದ್ದು 8,040 ಡಾಲರ್. 'ಒಬ್ಬ ದಾನಿ ಈಗಾಗಲೇ 20,000 ಡಾಲರ್ ಕೊಟ್ಟಿದ್ದಾರೆ' ಎಂದದ್ದಕ್ಕೆ 13,220. 'ನೀವು ಕೊಟ್ಟಷ್ಟೇ ಅವರೂ ಸೇರಿಸುತ್ತಾರೆ' ಎಂದದ್ದಕ್ಕೆ 12,210. 'ಆಡಳಿತದ ಖರ್ಚನ್ನು ಅವರು ನೋಡಿಕೊಂಡಿದ್ದಾರೆ, ನಿಮ್ಮ ಹಣವೆಲ್ಲ ನೇರ ಕೆಲಸಕ್ಕೆ' ಎಂದದ್ದಕ್ಕೆ 23,120. ಅದೇ ಇಪ್ಪತ್ತು ಸಾವಿರ ಡಾಲರನ್ನು ಬೇರೆ ಬೇರೆ ಹೆಸರಿನಲ್ಲಿ ಮುಂದಿಟ್ಟದ್ದಷ್ಟೇ ವ್ಯತ್ಯಾಸ.

ಈ ಒಲವು ಅರ್ಥವಾಗುವಂಥದೇ, ಆದರೆ ಇದರಿಂದ ಅನ್ಯಾಯವೂ ಆಗುತ್ತದೆ. ಔಷಧಿ ಕೊಳ್ಳಲು ಎಲ್ಲರೂ ಕೊಡುತ್ತಾರೆ, ಔಷಧಿ ಒಯ್ಯುವ ವ್ಯಾನಿನ ಡ್ರೈವರ್ ಸಂಬಳಕ್ಕೆ ಯಾರೂ ಕೊಡುವುದಿಲ್ಲ. ಲೆಕ್ಕ ಬರೆಯುವವರಿಗೆ ಸಂಬಳ ಇಲ್ಲದ ಸಂಸ್ಥೆಯಲ್ಲಿ ಲೆಕ್ಕ ಸರಿಯಾಗಿರಬೇಕೆಂದು ಬಯಸುತ್ತೇವೆ. 'ನೂರಕ್ಕೆ ನೂರು ಫಲಾನುಭವಿಗಳಿಗೆ' ಎಂದು ಸಂಸ್ಥೆಯೊಂದು ಹೇಳಿದರೆ, ಹಾಗಾದರೆ ಖರ್ಚು ಯಾರು ಭರಿಸುತ್ತಿದ್ದಾರೆ ಎಂದು ಕೇಳುವುದು ನಮ್ಮ ಕರ್ತವ್ಯ. ಹಳಬರು ಈ ವಿಷಯದಲ್ಲಿ ನಮಗಿಂತ ಹೆಚ್ಚು ತಿಳಿದವರು. ಗುಡಿಗೆ ದತ್ತಿ ಬಿಟ್ಟಾಗ ದೀಪದ ಎಣ್ಣೆಗೆ, ಪೂಜಾರಿಗೆ, ಹೂ ಕೊಡುವವನಿಗೆ, ಜೀರ್ಣೋದ್ಧಾರಕ್ಕೆ ಎಂದು ಬೇರೆ ಬೇರೆಯಾಗಿ ಬರೆಸುತ್ತಿದ್ದರು.

ತೆರಿಗೆ ವಿನಾಯಿತಿಯನ್ನೂ ಹೇಳಬೇಕು, ಬೇಗ ಹೇಳಿ ಮುಗಿಸುತ್ತೇನೆ. ದಾನ ಕೊಟ್ಟದ್ದಕ್ಕೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಕೊಡಿಸುವ 80ಜಿ ರಸೀದಿ ಕೇಳುವವರು ಮುಖ್ಯವಾಗಿ ಹಳೆಯ ತೆರಿಗೆ ಪದ್ಧತಿಯಲ್ಲಿ ರಿಟರ್ನ್ಸ್ ಸಲ್ಲಿಸುವ ಸಂಬಳದವರು, ವ್ಯಾಪಾರಿಗಳು. ಹೊಸ ಪದ್ಧತಿಯಲ್ಲಿ ಆ ವಿನಾಯಿತಿ ಸಿಗುವುದೇ ಇಲ್ಲ. ಹುಂಡಿಗೆ, ಮಠಕ್ಕೆ, ಮಸೀದಿಗೆ, ಕೆಲಸದವಳ ಮಗನ ಕಾಲೇಜು ಫೀಸಿಗೆ ಕೊಡುವ ಹಣಕ್ಕೆ ರಸೀದಿಯ ಲೆಕ್ಕ ಯಾರೂ ಇಡುವುದಿಲ್ಲ. ಅದಕ್ಕಿಂತ ಬಹಳ ಗಟ್ಟಿಯಾದದ್ದು ಮನೆಯಲ್ಲಿ ಕಲಿತದ್ದು. ವಿಜಯನಗರ ಕಾಲದ ಲಕ್ಷ್ಮೀಧರಾಮಾತ್ಯ ಎಂಬ ಮಂತ್ರಿಯ ಶಾಸನದಲ್ಲಿ, ತಾಯಿ ಹಾಲೂಡಿಸುವಾಗಲೇ ಅವನ ಕಿವಿಯಲ್ಲಿ 'ಕೆರೆ ಕಟ್ಟಿಸು, ಬಾವಿ ತೋಡಿಸು, ಸೆರೆಯಲ್ಲಿ ಸಿಕ್ಕಿದ ಅನಾಥರನ್ನು ಬಿಡಿಸು' ಎಂದು ಹೇಳಿದಳಂತೆ. ಹುಂಡಿಗೆ ಹಾಕು ಎಂದು ಮಗುವಿನ ಕೈಗೇ ನಾಣ್ಯ ಕೊಟ್ಟು ಎತ್ತಿ ಹಿಡಿಯುವ ಅಜ್ಜಿಯರು ಇವತ್ತಿಗೂ ಅದೇ ಕೆಲಸ ಮಾಡುತ್ತಿದ್ದಾರೆ.

ಕೊನೆಗೆ, ಕರಗಿದ ಮನಸ್ಸು ಎಷ್ಟು ದಿನ ಕರಗಿರುತ್ತದೆ ಎಂಬ ಪ್ರಶ್ನೆ. 2015ರ ಸೆಪ್ಟೆಂಬರ್‌ನಲ್ಲಿ ಟರ್ಕಿಯ ಕಡಲ ದಂಡೆಯಲ್ಲಿ ಬೋರಲಾಗಿ ಸತ್ತು ಬಿದ್ದಿದ್ದ ಸಿರಿಯಾದ ಪುಟ್ಟ ಬಾಲಕ ಆಲನ್ ಕುರ್ದಿಯ ಚಿತ್ರವನ್ನು ಜಗತ್ತೇ ನೋಡಿತು. ಸಿರಿಯಾದ ಯುದ್ಧದಲ್ಲಿ ಅಷ್ಟರೊಳಗೆ ಲಕ್ಷಗಟ್ಟಲೆ ಜನ ಸತ್ತಿದ್ದರು. ಸಿರಿಯಾದ ನಿರಾಶ್ರಿತರಿಗೆಂದು ಸ್ವೀಡನ್ನಿನ ರೆಡ್‌ಕ್ರಾಸ್ ಇಟ್ಟಿದ್ದ ನಿಧಿಗೆ ಚಿತ್ರ ಬಂದ ಮುಂದಿನ ವಾರ ದಿನಕ್ಕೆ ಬಂದ ದೇಣಿಗೆಗಳ ಸಂಖ್ಯೆ ಹಿಂದಿನ ವಾರಕ್ಕಿಂತ ನೂರು ಪಟ್ಟು ಹೆಚ್ಚಾಯಿತು ಎಂದು ಸ್ಲೋವಿಕ್ ಮತ್ತು ಸಂಗಡಿಗರು ಲೆಕ್ಕ ಹಾಕಿದ್ದಾರೆ. ಒಂದೂವರೆ ತಿಂಗಳಾಗುವಷ್ಟರಲ್ಲಿ ಅದು ಇಳಿದುಹೋಗಿತ್ತು, ಯುದ್ಧ ಮಾತ್ರ ನಡೆದೇ ಇತ್ತು. ಆದರೆ ಒಂದು ಅಂಕಿ ಇಳಿಯಲಿಲ್ಲ. ಪ್ರತಿ ತಿಂಗಳೂ ಕೊಡುತ್ತೇವೆಂದು ಹೆಸರು ಬರೆಸಿದವರು ಆ ತಿಂಗಳಲ್ಲಿ 106ರಿಂದ 1,061ಕ್ಕೆ ಏರಿದ್ದರು. ಅವರಲ್ಲಿ ಹೆಚ್ಚುಕಡಿಮೆ ಯಾರೂ ಮುಂದಿನ ತಿಂಗಳುಗಳಲ್ಲಿ ಕೈಬಿಡಲಿಲ್ಲ.

ನಮ್ಮಲ್ಲಿ ಕೃಷ್ಣೆಗೋ ಮಲಪ್ರಭೆಗೋ ನೆರೆ ಬಂದ ವಾರ ಲಾರಿಗಟ್ಟಲೆ ಕಂಬಳಿ, ಬಿಸ್ಕತ್ತು, ಹಳೆ ಸೀರೆ ಹೊರಡುತ್ತವೆ. ಬಿದ್ದ ಮನೆಯ ಗೋಡೆ ಏಳುವುದು, ಹೂಳು ತುಂಬಿದ ಹೊಲ ಮತ್ತೆ ಉಳುಮೆಗೆ ಬರುವುದು ಅದಾದ ಎಷ್ಟೋ ತಿಂಗಳ ಮೇಲೆ. ಆ ಹೊತ್ತಿಗೆ ಟಿವಿಯಲ್ಲಿ ಬೇರೆ ಸುದ್ದಿ ಇರುತ್ತದೆ. ಕಂಬಳಿ ಕೇಳುವ ಕರೆಯಲ್ಲೇ 'ಒಂದು ವರ್ಷ, ತಿಂಗಳಿಗೆ ನೂರು ರೂಪಾಯಿ' ಎಂಬ ಯುಪಿಐ ಆಟೋಪೇ ಸಾಲನ್ನೂ ಸೇರಿಸಿ, ಯಾವ ಊರಿನ ಯಾವ ಕೆಲಸಕ್ಕೆ ಎಂದು ಹೇಳಿ, ಪರಿಚಯದವರ ಬಾಯಿಂದ ಒಬ್ಬೊಬ್ಬರನ್ನೇ ಕೇಳಿಸಬೇಕು. ಕೇಳಬೇಕಾದದ್ದು ಆ ವಾರವೇ, ಚಳಿಗಾಲ ಬಂದ ಮೇಲಲ್ಲ.